ಗೋದಾ ವೈನಿಯ ಜೋಡಿ ಗಿಳಿ

ಆ ದಿನ ಬೆಳಿಗ್ಗೆ ತಾರ್ನಾಕ ಬಡಾವಣೆಯ ಮೇಲೆ ಮಂಜು, ಹಬ್ಬಕ್ಕೆ ಬಂದ ಅಳಿಯನಂತೆ, ಏಳುವ ಯೋಚನೆಯೇ ಇಲ್ಲದೆ ಮಲಗಿತ್ತು. ಮಾಳಿಗೆಯಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡ ನಿವೃತ್ತ ಗುಮಾಸ್ತ ಗೋಪಿನಾಥರಾಯರು ತಮ್ಮ ಹೊಸ ಕರೆಂಟಿನ ಭಟ್ಟಿಗೆ ಕೈಮುಗಿದು ಸ್ವಿಚ್ಚು ಒತ್ತಿದರು. ಕೆಂಪು ದೀಪ ಹತ್ತಿತು.

ಒಳಗಿದ್ದದ್ದು ಒಂದು ಗಾಜು, ಅದರ ಮೇಲೆ ರಾಯರು ಬರೆದ ಜೋಡಿ ಗಿಳಿ. ರಾಯರು ಅತ್ತಿಗೆಯಂತೆ ಕಂಡು ವೈನಿ ಎಂದು ಕರೆಯುವ, ಕೆಳಗಿನ ಮನೆಯ ಗೋದಾಬಾಯಿಯವರ ದೇವರಕೋಣೆಯ ಬಾಗಿಲ ಗಾಜಿನ ಮೇಲೆ ಅವರ ತೀರಿಹೋದ ಗಂಡ ಇಂಥವೇ ಗಿಳಿಗಳನ್ನು ಬರೆದಿದ್ದರು. ತೋರಣಕ್ಕೆ ಮೊಳೆ ಹೊಡೆಯಲು ಹೋದ ರಾಯರು ಆ ಗಾಜನ್ನೇ ಒಡೆದಿದ್ದರು. ವೈನಿ ಒಂದು ಮಾತೂ ಆಡಲಿಲ್ಲ. ಅದೇ ರಾಯರ ಎದೆಯಲ್ಲಿ ಚೂರಾಗಿ ನೆಟ್ಟಿತ್ತು. ನಾಳೆ ವೈಕುಂಠ ಏಕಾದಶಿ; ಅಷ್ಟರೊಳಗೆ ಗಿಳಿಗಳು ಬಾಗಿಲಿಗೆ ಮರಳಬೇಕು.

ಸುಟ್ಟರೆ ಬಣ್ಣ ಗಾಜಿಗೆ ಅಂಟಿ ಒಂದಾಗುತ್ತದೆ. ಪೂರ್ತಿ ತಣಿಯುವ ಮೊದಲು ಮುಚ್ಚಳ ತೆಗೆದರೆ ಗಾಜು ಸೀಳುತ್ತದೆ ಎಂದು ಈ ಕೆಲಸ ಕಲಿಸಿದವರು ಹೇಳಿದ್ದರು. ಸ್ವಲ್ಪ ಹೊತ್ತಿಗೇ ದೀಪ ಆರಿತು. ಕಾವು ತುಂಬಿತೆಂದುಕೊಂಡ ರಾಯರು ಕೋಲು ಹಿಡಿದು ಕಾವಲಿಗೆ ಕೂತರು.

ಮೊದಲು ಬಂದವನು ಪಕ್ಕದ ಮನೆಯ ಮಲ್ಲಣ್ಣ, ಕೈಯಲ್ಲಿ ಎರಡು ಬದನೆಕಾಯಿ.

"ಹೆಂಗೂ ಕಾದೈತಲ್ರಿ ರಾಯರ, ಇವನ್ನೂ ಒಳಗ ಒಗೀರಿ. ಭರ್ತಾ ಮಾಡೂಣು."

ಬಣ್ಣದಲ್ಲಿ ಸೀಸವಿದೆ, ತಿನ್ನುವ ವಸ್ತು ಹತ್ತಿರ ಸುಳಿಯಬಾರದು ಎಂದು ರಾಯರು ಕೋಲು ಅಡ್ಡ ಹಿಡಿದರು. ಮಲ್ಲಣ್ಣ ದೂರದಿಂದಲೇ ಅಂಗೈ ಚಾಚಿದ. "ಭಾಳ ಬೆಚ್ಚಗೈತಿ ಬಿಡ್ರಿ" ಎಂದು ಶಾಲು ತೆಗೆದ.

ಸುದ್ದಿ ಹಬ್ಬಿತು. ಮಧ್ಯಾಹ್ನಕ್ಕೆ ಅರ್ಧ ಓಣಿಯೇ ಭಟ್ಟಿಯ ಸುತ್ತ ಕೂತು ಮೈ ಕಾಯಿಸುತ್ತಿತ್ತು. ಒಬ್ಬರ ಮೊಣಕಾಲು ನೋವು ಇಳಿಯಿತು, ಇನ್ನೊಬ್ಬರಿಗೆ ಬೆವರೇ ಬಂತು. ಗೋದಾಬಾಯಿಯವರು ಮಾತ್ರ ಮೆಟ್ಟಿಲ ಬಳಿ ನಿಂತು, ಸೆರಗಿನ ಗಂಟನ್ನು ತಿರುವುತ್ತ, ಏನೋ ಹೇಳಹೋಗಿ ಸುಮ್ಮನಾಗುತ್ತಿದ್ದರು.

ಸಂಜೆ ಎಲ್ಲರೂ ಹೋದ ಮೇಲೆ ರಾಯರು ಅಳುಕುತ್ತ ಬೆರಳು ತಾಕಿಸಿದರು. ಭಟ್ಟಿ ಗಡಿಗೆಯ ನೀರಿನಷ್ಟು ತಣ್ಣಗಿತ್ತು. ತಮ್ಮ ತಾಳ್ಮೆಗೆ ತಾವೇ ಮೆಚ್ಚಿ ಮುಚ್ಚಳ ತೆಗೆದರು. ಗಾಜು ಸೀಳಿರಲಿಲ್ಲ. ಗಿಳಿಗಳು ಬರೆದ ಹಾಗೆಯೇ ಕೂತಿದ್ದವು.

ರಾಯರು ಕೆಳಗೆ ಒಯ್ದು ಕೊಟ್ಟ ಗಾಜನ್ನು ವೈನಿ ಎರಡೂ ಕೈಯಲ್ಲಿ ಹಿಡಿದು ನೋಡಿದರು. ಕಣ್ಣಿಂದ ಒಂದು ಹನಿ ಅದರ ಮೇಲೆ ಬಿತ್ತು. ಸೆರಗಿನಿಂದ ಒರೆಸಿದರು. ಒಂದು ಗಿಳಿ ಸೆರಗಿಗೆ ಬಂತು.

ರಾಯರು ಗಾಜನ್ನು ನೋಡಿದರು, ಸೆರಗನ್ನು ನೋಡಿದರು.

"ಬೆಂಕಿ ಅಂದ್ರ ನನಗ ಅಂಜಿಕಿ, ಗೋಪಿನಾಥ," ಎಂದರು ವೈನಿ. "ಗಾಜು ಹೋದ್ರ ಹೋತು, ನಿನಗೇನರೆ ಆದ್ರ ಏನ್ ಮಾಡ್ಲಿ? ಆಮ್ಯಾಲೆ ಹೇಳಬೇಕಂತ ಬಂದೆ. ಎಲ್ಲಾರೂ ಅಷ್ಟು ಬೆಚ್ಚಗ ಕೂತಿದ್ರು. ಮನಸ್ಸಾಗಲಿಲ್ಲ ನೋಡು."

ಸೆರಗಿನ ಗಂಟು ಬಿಚ್ಚಿ, ಬೆಳಿಗ್ಗೆ ಕಿತ್ತಿಟ್ಟುಕೊಂಡಿದ್ದ ಮಾಳಿಗೆಯ ಫ್ಯೂಸನ್ನು ಮೆಲ್ಲಗೆ ರಾಯರ ಅಂಗೈಯಲ್ಲಿಟ್ಟರು.