ಭಾವನ ಇಂಗ್ಲಿಷಿಗೆ ನನ್ನ ಕನ್ನಡ

ನಮ್ಮ ಭಾವ ಈ ಜನ್ಮದಲ್ಲಿ ಯಾವ ಇಂಗ್ಲಿಷ್ ಮಾತನ್ನೂ ಒಂಟಿಯಾಗಿ ಬಿಟ್ಟವರಲ್ಲ! ಇಂಗ್ಲಿಷ್ ಕಿವಿಗೆ ಬಿತ್ತೆಂದರೆ ಅದರ ಬೆನ್ನಿಗೇ ಕನ್ನಡ ಹೊರಡಬೇಕು. ಫೋನಿನೊಳಗಿನ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಏನಾದರೂ ಅಂದರೆ ಸಾಕು, ಭಾವ ಫೋನನ್ನು ಕಿವಿಯಿಂದ ತೆಗೆದು, "ಅವರು ಬ್ಯಾರೇದವ್ರ ಜೋಡಿ ಮಾತಾಡ್ಲತಾರಂತ!" ಎಂದು ಕೋಣೆಗೆಲ್ಲ ಸಾರುತ್ತಾರೆ. ಕೋಣೆಯಲ್ಲಿ ಯಾರಿರುತ್ತಾರೆ? ಒಂದು ಹಲ್ಲಿ. ಅದಕ್ಕೂ ವಿಷಯ ತಿಳಿಯಬೇಡವೇ?

ಭಾವ ಎಂದರೆ ನನ್ನ ಅಕ್ಕನ ಗಂಡ. ಔರಾದ ತಾಲ್ಲೂಕಿನ ಸಂತಪುರದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಪಿಂಚಣಿ ಬಂದ ಮೇಲೆ ಭಾಲ್ಕಿಯಲ್ಲಿ ನನ್ನ ಮನೆಯ ಪಕ್ಕವೇ ಮನೆ ಮಾಡಿದ್ದಾರೆ. ಬೀದರಿನ ಮಿಷನ್ ಕಾಲದ ನಮ್ಮ ಚರ್ಚಿಗೆ ಹೊರಗಿನಿಂದ ಇಂಗ್ಲಿಷ್ ಬೋಧಕರು ಬಂದಾಗಲೆಲ್ಲ ಪಕ್ಕದಲ್ಲಿ ನಿಂತು ಕನ್ನಡ ಮಾಡುತ್ತಿದ್ದವರು ಇವರೇ. ಬೋಧಕರು ಒಂದು ವಾಕ್ಯ ಹೇಳಿ ನಿಲ್ಲಬೇಕು. ಭಾವ ಅದನ್ನು ಕನ್ನಡದಲ್ಲಿ ಹೇಳಬೇಕು. ಆಮೇಲೆ ಮುಂದಿನ ವಾಕ್ಯ. ಅರ್ಧ ಆಯುಷ್ಯ ಹೀಗೆ ಕಳೆದರೆ ನಾಲಿಗೆ ಬೇರೆ ನಡಿಗೆ ಕಲಿಯುವುದು ಹೇಗೆ?

ಭಾಲ್ಕಿ ಸ್ಟೇಷನ್ನಿನಲ್ಲಿ ಮಾತ್ರ ಅವರ ಮುಖ ಸಣ್ಣದಾಗುತ್ತದೆ. ರೈಲು ಬರುವ ಸುದ್ದಿಯನ್ನು ಅಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೇಳಿಬಿಡುತ್ತಾರಲ್ಲ! "ನೋಡು ತಮ್ಮಾ, ನನಗೇನೂ ಉಳಸಂಗಿಲ್ಲ ಇವರು."

ಅವರ ತರ್ಜುಮೆ ಎಂಥದ್ದು ಗೊತ್ತೇ? ಒಮ್ಮೆ ಯಾವುದೋ ಚಳಿದೇಶದ ಬೋಧಕರು ಬಂದಿದ್ದರು. ಭಾವ ಕನ್ನಡದಲ್ಲಿ ಹೇಳಿದ ಕಥೆ ಹೀಗಿತ್ತು: ನಮ್ಮ ಸೀಮೆಯ ಎಕಂಬಾದ ಕಡೆಯ ಒಬ್ಬ ಸಣ್ಣ ಹುಡುಗ ಅಪ್ಪನನ್ನು ಕರೆಯಲು ಹೊಲಕ್ಕೆ ಹೋದ. ತೊಗರಿ ಅವನಿಗಿಂತ ಎತ್ತರ. ಕತ್ತಲಾಯಿತು, ದಾರಿ ತಪ್ಪಿತು. ಊರೆಲ್ಲ ಹುಡುಕಲು ಓಡಿತು. ತಾಯಿ ಮಾತ್ರ ಓಡಲಿಲ್ಲ. ಕಂದೀಲು ಹಿಡಿದು ಹೊಲದ ಅಂಚಿನ ಬಂಡೆ ಹತ್ತಿ ನಿಂತಳು. 'ಅವನೂ ನನ್ನನ್ನು ಹುಡುಕುತ್ತಿದ್ದಾನೆ. ನಾನೂ ಅಲೆದರೆ ಇಬ್ಬರೂ ತಪ್ಪುತ್ತೇವೆ' ಎಂದಳು. ಸಭೆಯಲ್ಲಿ ಹೆಂಗಸರು ಸೆರಗಿಗೆ ಕೈ ಹಾಕಿದರು. ಗಂಡಸರು ಕೆಮ್ಮಿದಂತೆ ಮಾಡಿದರು. ಬೋಧಕರು ಮಾತ್ರ ನಗುನಗುತ್ತಲೇ ಮಾತಾಡುತ್ತಿದ್ದವರು ಗಾಬರಿಯಾಗಿ ಭಾವನ ಮುಖ ನೋಡಿದರು. ಚಳಿದೇಶದಲ್ಲಿ ತೊಗರಿ ಎಲ್ಲಿ ಬೆಳೆಯುತ್ತದೆ ಎಂದು ನಮಗ್ಯಾರಿಗೂ ಹೊಳೆಯಲೇ ಇಲ್ಲ!

ನನ್ನ ಹೆಂಡತಿ ತೀರಿಕೊಂಡ ವರ್ಷ ನಾನು ಬಂಡೆ ಮೇಲೆ ನಿಂತ ಆ ತಾಯಿಯನ್ನು ನೆನೆದೇ ದಿನ ದೂಡಿದೆ. ಇರಲಿ, ಆ ಮಾತು ಬಿಡಿ.

ಇಂಥ ಭಾವ ಈ ವರ್ಷ ಊಟಕ್ಕೆ ಕುಳಿತಾಗ, "ಇಂಗ್ಲಿಷ್ ಸಾಹಿತ್ಯದಾಗ ಎಂ.ಎ. ಮಾಡ್ತೇನಿ" ಎಂದರು. ಅಕ್ಕನ ಕೈಯಲ್ಲಿನ ರೊಟ್ಟಿ ಗಾಳಿಯಲ್ಲೇ ನಿಂತಿತು.

"ಯಾಕ್ರಿ, ಇದ್ದ ಇಂಗ್ಲಿಷ್ ಸಾಲ್ಲಿಲ್ಲೇನ್ರಿ? ಪಲ್ಯಾ ಹಾಕಲಾ ಅಂದ್ರ ಎರಡು ಭಾಷಾದಾಗ ಬ್ಯಾಡ ಅಂತೀರಿ. ಇನ್ನ ಎಂ.ಎ. ಆದ್ರ ಎಷ್ಟು ಭಾಷಾದಾಗ ಬ್ಯಾಡ ಅಂತೀರಿ?"

ನನಗೋ ಕುತೂಹಲ ತಡೆಯಲಿಲ್ಲ. ನಾನು ಮ್ಯಾಟ್ರಿಕ್ ಓದಿ ಸೈಕಲ್ ಅಂಗಡಿ ಇಟ್ಟವನು. ಇಂಗ್ಲಿಷಿನ ಬೋರ್ಡು ಓದುತ್ತೇನೆ, ಮಾತು ಕಿವಿಯ ಪಕ್ಕದಿಂದ ಹಾದುಹೋಗುತ್ತದೆ. "ಭಾವ, ಕಥಿ ಓದ್ಲಿಕ್ಕ ಎರಡು ವರ್ಷ ಬೇಕೇನ್ರಿ? ಅಲ್ಲಿ ಮಾಡೋದರೆ ಏನು?" ಎಂದೆ. "ಅದೇ ನನಗೂ ತಿಳೀಬೇಕಾಗ್ಯಾದ, ನಡಿ" ಎಂದು ನನ್ನನ್ನೂ ಬೀದರಿನ ವಿಶ್ವವಿದ್ಯಾಲಯಕ್ಕೆ ಎಳೆದೊಯ್ದರು.

ಏನೇನು ಬೇಕು? ಇಂಗ್ಲಿಷ್ ಓದಿದ ಪದವಿ ಬೇಕು. ಅಂಚೆಯ ಮೂಲಕ ಬಿ.ಎ. ಆಗಿತ್ತು. ಅಂಕಪಟ್ಟಿ, ಟಿ.ಸಿ. ಟ್ರಂಕಿನಲ್ಲಿದ್ದವು. ಸ್ವಂತ ಬರವಣಿಗೆ, ಇಂಗ್ಲಿಷಿನಲ್ಲಿ ಎರಡು ಪುಟ. ಕೊನೆಗೆ ಸಂದರ್ಶನ. "ವಯಸ್ಸು?" ಎಂದು ನಾನು ಆಸೆಯಿಂದ ಕೇಳಿದೆ. ಕಚೇರಿಯವನು, "ಅದನ್ನ ಕೇಳಂಗಿಲ್ರಿ ಅಜ್ಜಾರ, ಕಣ್ಣು ಕಂಡ್ರ ಸಾಕು" ಎಂದುಬಿಟ್ಟ.

ಎರಡನೇ ಸಲ ಹೋದಾಗ ಭಾವ ಶಿಕ್ಷಣದ ಮಹತ್ವ ಕುರಿತ ಬರವಣಿಗೆ ಕೊಟ್ಟರು.

"ಎರಡು ಪುಟ ಅಂದಿದ್ದೆವಲ್ರಿ, ಇಲ್ಲಿ ನಾಲ್ಕು ಅದಾವ?"

"ಎರಡು ನಿಮಗ. ಎರಡು ಇಂಗ್ಲಿಷ್ ಬರದವರಿಗೆ."

"ಇಂಗ್ಲಿಷ್ ವಿಭಾಗದಾಗ ಇಂಗ್ಲಿಷ್ ಬರದವ್ರು ಯಾರದಾರ್ರಿ ಸರ್?"

ಭಾವ ನನ್ನ ಕಡೆ ನೋಡಿ, "ಹೊರಗ ಬೆಂಚಿನ ಮ್ಯಾಲ ಕೂತವ್ರು ಇರ್ತಾರಲ್ರಿ" ಎಂದರು. ಕಚೇರಿಯೆಲ್ಲ ನಕ್ಕಿತು. ನನ್ನ ಕಿವಿ ಬಿಸಿಯಾಯಿತು.

ಇಲ್ಲಿಂದ ಮುಂದೆ ಹೇಳುವಾಗ ನನಗೆ ನಾಚಿಕೆ. ಸಂದರ್ಶನದ ದಿನ ರೈಲಿನಲ್ಲಿ, ಜನರ ಎದುರೇ ಅವರಿಗೆ ಹೇಳಿದೆ: "ಭಾವ, ಅಲ್ಲಿ ಕನ್ನಡ ಬಾಯಿಗೆ ಬಂದ್ರ ನಾ ನಿಮ್ಮ ಜೋಡಿ ಇರಂಗಿಲ್ರಿ. ಹುಚ್ಚ ಅಂತಾರ ನಿಮಗ. ಬರೇ ಇಂಗ್ಲಿಷ್, ತಿಳೀತಾ?" ಅವರಿಗಿಂತ ಸಣ್ಣವನಾದ ನಾನು ಆ ಧಾಟಿಯಲ್ಲಿ ಮಾತಾಡಬಾರದಿತ್ತು. ಅವರು ಕಿಟಕಿಯ ಕಡೆ ತಿರುಗಿ, "ಆತು ತಮ್ಮಾ" ಎಂದರು. ಬೀದರ್ ಬರುವವರೆಗೆ ಒಂದು ಬೋರ್ಡನ್ನೂ ಕನ್ನಡ ಮಾಡಲಿಲ್ಲ. ನಾನು ಗೆದ್ದೆನೆಂದುಕೊಂಡೆ. ಎಂಥ ಗೆಲುವು!

ಸಂದರ್ಶನದ ಕೋಣೆಯ ಬಾಗಿಲು ತೆರೆದೇ ಇತ್ತು. ನಾನು ಹೊರಗಿನ ಬೆಂಚಿನ ಮೇಲೆ. ಒಳಗೆ ವಿಭಾಗದ ಮುಖ್ಯಸ್ಥೆ, ಒಬ್ಬ ಮೇಡಂ, ಇಂಗ್ಲಿಷಿನಲ್ಲಿ ಏನೋ ಕೇಳಿದರು. ಭಾವ ಒಂದು ವಾಕ್ಯ ಹೇಳಿ ನಿಂತರು. ನಿಂತೇ ಇದ್ದರು. ಮೇಡಂ ಕಾದರು. ಫ್ಯಾನು ತಿರುಗಿತು. ನನಗೆ ಆಗ ಹೊಳೆಯಿತು: ನಡುವೆ ಕನ್ನಡ ಬೀಳದೆ ಅವರಿಗೆ ಎರಡನೇ ವಾಕ್ಯ ಬರುವುದೇ ಇಲ್ಲ!

ತಮ್ಮ ಬಗ್ಗೆ ಹೇಳುವ ಆ ಉತ್ತರವನ್ನು ಅವರು ವಾರವಿಡೀ ನಮ್ಮ ಪಡಸಾಲೆಯಲ್ಲಿ ಎರಡೂ ಭಾಷೆಯಲ್ಲಿ ಉರುಹಚ್ಚಿದ್ದರು. ಕನ್ನಡದ ಪಾಲು ನನಗೂ ಬಾಯಿಪಾಠವಾಗಿತ್ತು. ಭಾವನ ಕೈಯಲ್ಲಿನ ಕರವಸ್ತ್ರ ಹಿಂಡಿಹೋಗುತ್ತಿರುವುದನ್ನು ನೋಡಲಾರದೆ ಬೆಂಚಿನಿಂದಲೇ ಕೂಗಿದೆ: "ನಾನು ಸಣ್ಣ ಊರಿನ ಮಾಸ್ತರ್ ಇದ್ದೇನಿ!"

ತಕ್ಷಣ ಒಳಗಿನಿಂದ ಎರಡನೇ ಇಂಗ್ಲಿಷ್ ವಾಕ್ಯ ಹೊರಟಿತು. "ಮಾತು ದಾಟಿಸೋದು ನನ್ನ ಕೆಲಸ ಆಗಿತ್ತು!" ಎಂದೆ. ಮೂರನೆಯದು ಹೊರಟಿತು.

ಮೇಡಂ ಕತ್ತು ಹೊರಳಿಸಿದರು. "ಅವರ್ಯಾರ್ರಿ?"

"ನನ್ನ ಹೆಂಡತಿ ತಮ್ಮ ರಿ."

"ಒಳಗ ಬರ್ರಿ, ಅಲ್ಯಾಕ ಕೂತು ಒದರ್ತೀರಿ?" ಎಂದು ನನಗೂ ಒಂದು ಕುರ್ಚಿ ಕೊಡಿಸಿದರು. ಮ್ಯಾಟ್ರಿಕ್ ಮಾಡಿದವನಿಗೆ ಎಂ.ಎ. ಸಂದರ್ಶನದಲ್ಲಿ ಕುರ್ಚಿ!

ಮೇಡಂ ಇಂಗ್ಲಿಷಿನಲ್ಲಿ ಇನ್ನೊಂದು ಪ್ರಶ್ನೆ ಕೇಳಿದರು. ಇದು ಪಡಸಾಲೆಯಲ್ಲಿ ಬಂದಿರದ ಪ್ರಶ್ನೆ. ಭಾವ ತಗ್ಗಿದ ದನಿಯಲ್ಲಿ ಇಂಗ್ಲಿಷಿನಲ್ಲೇ ಏನೋ ಹೇಳಿದರು. ನಿಂತರು. ನನ್ನ ಕಡೆ ನೋಡಿದರು. ನನ್ನ ಬಳಿ ಕನ್ನಡವಿರಲಿಲ್ಲ. ನನಗೊಂದು ಅಕ್ಷರವೂ ತಿಳಿದಿರಲಿಲ್ಲ. ಭಾವ ಪಕ್ಕದಲ್ಲಿದ್ದೂ ನಾನು ಹೊರಗಿನವನಾದದ್ದು ಅದೇ ಮೊದಲು.

"ನೀವೇ ಹೇಳ್ರಿ ಅವರಿಗೆ" ಎಂದರು ಮೇಡಂ.

ಭಾವ ನೆಲ ನೋಡುತ್ತ ಹೇಳಿದರು: "ಇಷ್ಟು ವರ್ಷ ತರ್ಜುಮಾ ಮಾಡೀರಿ, ಇನ್ನೇನು ಕಲೀಬೇಕು ಅಂತ ಕೇಳಿದ್ರು ತಮ್ಮಾ. ನಾ ಖರೇ ಹೇಳಿದೆ. ಆ ಬೋಧಕರ ಇಂಗ್ಲಿಷ್ ಜೋರು ಓಡ್ತಿತ್ತು, ನನಗ ಅರ್ಧ ಸಿಗ್ತಿದ್ದಿಲ್ಲ. ಆ ಹುಡುಗನ ಕಥಿ ದಿನ ಸಿಕ್ಕಿದ್ದು ಹುಡುಗ, ರಾತ್ರಿ, ದೀಪ, ಇಷ್ಟೇ. ಉಳದಿದ್ದು ನಾ ಕಟ್ಟಿದ್ದು. ನೀವೆಲ್ಲ ಅಳ್ತಿದ್ರಿ, ನಡುವ ನಿಲ್ಲಸಲಿಕ್ಕ ಆಗಲಿಲ್ಲ. ಅವರು ಖರೇ ಏನ್ ಹೇಳ್ತಿದ್ರು ಅಂತ ತಿಳ್ಕೊಂಡು, ನಿನಗ ಸರಿಯಾಗಿ ಹೇಳ್ಬೇಕಂತ ಬಂದೀನಿ."

ಈ ಮನುಷ್ಯನ ಬಾಯಿಯನ್ನೇ ಅಲ್ಲವೇ ನಾನು ಬೆಳಿಗ್ಗೆ ಕಟ್ಟಿದ್ದು? "ಭಾವ, ನನಗ ಆ ಬೋಧಕರದು ಬ್ಯಾಡ್ರಿ. ನಿಮ್ಮ ಕಂದೀಲೇ ಇರ್ಲಿ" ಎಂದೆ.

ಮೇಡಂ ಕನ್ನಡಕ ತೆಗೆದು ಆ ಕಥೆಯನ್ನು ನನ್ನ ಬಾಯಿಂದಲೇ ಪೂರ್ತಿ ಕೇಳಿದರು. ಆಮೇಲೆ ಶಿಕ್ಷಣದ ಮಹತ್ವದ ನಾಲ್ಕೂ ಪುಟಗಳನ್ನು ವಾಪಸು ಕೊಟ್ಟು, "ಇದು ಬ್ಯಾಡ. ಆ ತಾಯಿದು ಬರಕೊಂಡು ಬರ್ರಿ. ನೋಡಿ ಹೇಳ್ತೇನಿ" ಎಂದರು.

ಸೀಟು ಸಿಕ್ಕಿತೇ ಎಂದು ನೀವು ಕೇಳುತ್ತೀರಿ. ಸಿಕ್ಕಿತು. ಈಗ ಭಾವ ಚೀಲ ಹಾಕಿಕೊಂಡು ಮೊಮ್ಮಕ್ಕಳ ವಯಸ್ಸಿನವರ ಜೊತೆ ಕೂಡುತ್ತಾರೆ. ಆದರೆ ನನ್ನ ಮನಸ್ಸು ಇನ್ನೂ ಆ ಸಂಜೆಯ ಭಾಲ್ಕಿ ರೈಲಿನಿಂದ ಇಳಿದಿಲ್ಲ.

ಬೀದರ್ ಬಿಟ್ಟ ಮೇಲೆ ಭಾವ ಹಾಳೆ ತೆಗೆದು ಪೆನ್ನು ಹಿಡಿದರು. ಪೆನ್ನು ಕದಲಲಿಲ್ಲ. "ತಮ್ಮಾ, ಅವತ್ತ ಒಂದೊಂದು ಮಾತು ಹ್ಯಾಂಗ ಹೇಳಿದ್ದೆ ಅಂತ ನನಗ ನೆನಪೇ ಇಲ್ಲ. ಕಟ್ಟಿದೆ, ಅಲ್ಲೇ ಬಿಟ್ಟೆ."

"ನನಗ ನೆನಪ ಅದ ರಿ" ಎಂದೆ.

ಹೊರಗೆ ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದವು. ನಾನು ಒಂದು ವಾಕ್ಯ ಹೇಳಿ ನಿಂತೆ. ಭಾವ ಅದನ್ನು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿಕೊಂಡು ಬರೆದರು. ಆಮೇಲೆ ತಲೆಯೆತ್ತಿ, ನನ್ನ ಮುಂದಿನ ವಾಕ್ಯಕ್ಕೆ ಕಾದರು.