ಕನ್ಯಾ ತೋರಿಸಿದಂಗ ಮೊಣಕಾಲು ತೋರಿಸಿದ್ದು

ಮೊಣಕಾಲಿಗಿ ಒಂದು ಪಟ್ಟಿ ಕಟಗೊಂಡು ಅಡ್ಡಾಡೂದು. ಇಷ್ಟ ಕೆಲಸ. ಇದರಾಗ ಕೆಡಸಾಕ ಏನೈತಿ ಅಂತ ನಾ ತಿಳದಿದ್ನಿ. ಭಾಳ ಇತ್ತು!

ಪಟ್ಟಿ ತಂದಾಕಿ ನನ್ನ ಮೊಮ್ಮಗಳು ಅಶ್ವಿನಿ. ಇಲ್ಲೇ ವಿಜಯಪುರದಾಗ ಇಂಜಿನಿಯರಿಂಗ್ ಕಲತು, ಈಗ ಅದೇ ಕಾಲೇಜದಾಗ ಸಂಶೋಧನಾ ಮಾಡಾಕತ್ತಾಳ. ಇಂಜಿನಿಯರ್ ಅಂದ್ರ ಸೇತುವಿ ಕಟ್ಟತಾರ, ಮಷೀನ್ ಮಾಡತಾರ ಅಂತ ತಿಳದಾಕಿ ನಾನು. ಈಕಿ ನೋಡಿದ್ರ ಮುದುಕ್ಯಾರ ಮೊಣಕಾಲಿನ ಬೆನ್ನ ಹತ್ಯಾಳ!

"ಆಯಿ, ನಿನ್ನ ಮೊಣಕಾಲಿನಂಥಾದ ಒಂದು ಮೊಣಕಾಲು ಕಂಪ್ಯೂಟರ್‌ದಾಗ ಮಾಡ್ತೀನಿ," ಅಂದ್ಳು.

"ಮಾಡೂದು ಮಾಡ್ತಿ, ನನ್ನಂಥಾದ್ದ ಯಾಕ ಮಾಡ್ತಿ? ಚಲೋದೊಂದು ಮಾಡ."

ಅಕಿ ನಗಲಿಲ್ಲ. ಕುರ್ಚಿ ಎಳಕೊಂಡು ಕುಂತು ತಿಳಿಸಿ ಹೇಳಿದ್ಳು. ದವಾಖಾನಿ ಸ್ಕ್ಯಾನ್ ನೋಡಿ, ನನ್ನ ಎಲುಬು ಎಲ್ಲೆಲ್ಲಿ ಸವದೈತಿ ಅನ್ನೂದನ್ನ ಇದ್ದದ್ದ ಇದ್ದಂಗ ಕಂಪ್ಯೂಟರಿಗಿ ಹಾಕ್ತಾಳಂತ. ಆ ಸುಳ್ಳ ಮೊಣಕಾಲಿನ ಮ್ಯಾಲೆ ಸುಳ್ಳ ಭಾರ ಹೇರತಾಳಂತ. ಒತ್ತು ಬಿದ್ದಲ್ಲೆ ಕೆಂಪು ಕಾಣತೈತಿ, ಆರಾಮ ಇದ್ದಲ್ಲೆ ನೀಲಿ. ಆಮ್ಯಾಲೆ ಮೊಣಕಾಲಿಗಿ ಹಾಕೂದೊಂದು ಆಧಾರ, ಅದಕ್ಕ ಬ್ರೇಸ್ ಅಂತಾರ, ಅದನ್ನ ಮಾಡೂದು. ಗಟ್ಟಿ ಮಾಡಿದ್ರ ಕಾಲು ಮಡಚಂಗಿಲ್ಲ, ಮೆತ್ತಗ ಮಾಡಿದ್ರ ಭಾರ ತಡಿಯಂಗಿಲ್ಲ. ನನಗ ಒಗ್ಗೂದು ಯಾವುದು ಅಂತ ಕಂಪ್ಯೂಟರ್ ಸಾವಿರ ನಮೂನಿ ಮಾಡಿ ನೋಡಿ, ಒಂದನ್ನ ಆರಿಸಿ ಕೊಡತೈತಂತ.

"ಖರೇ ಕಾಲಿಗಿ ಹಾಕಿ ನೋಡಿದ್ರ ಆಗೂದಿಲ್ಲೇನು?"

"ಆಕೈತಿ. ಆದ್ರ ಒಂದೊಂದು ನಮೂನಿಗಿ ನೀ ಒಂದೊಂದು ಸಲ ಬೀಳಬೇಕಾಕೈತಿ."

"ಹಂಗಾದ್ರ ಕಂಪ್ಯೂಟರ ಬೀಳಲಿ," ಅಂದ್ನಿ. ಆಮ್ಯಾಲೆ ನನ್ನ ಮನಸಿನ್ಯಾಗಿಂದು ಒಂದು ಕೇಳಿದ್ನಿ. "ಅದನ್ನ ಹಾಕ್ಕೊಂಡ್ರ ನೆಲಕ್ಕ ಕುಂದ್ರಾಕ ಬರತೈತೇನ ಬೇ?"

"ಈಗ ಹೆಂಗ ಹೇಳಲಿ? ಲೆಕ್ಕ ಏನ ಹೇಳತೈತಿ ನೋಡೂಣು."

ಆ 'ನೋಡೂಣು' ನನ್ನ ತಲಿ ಕೆಡಿಸಿತು.

ನನ್ನ ತಂಗಿ ನೀಲವ್ವನ್ನ ಬಬಲೇಶ್ವರಕ್ಕ ಕೊಟ್ಟೈತಿ. ಎಳ್ಳ ಅಮಾಸಿ ಬಂತಂದ್ರ ನಾವೆಲ್ಲಾ ಅವರ ಹೊಲಕ್ಕ ಚರಗ ಚೆಲ್ಲಾಕ ಹೋಗ್ತೀವಿ. ಭೂಮಿತಾಯಿಗಿ ಎಡಿ ಹಿಡದು, ಎಡಿ ಅಡಗಿನ್ನ ಬೆಳಿಗೆಲ್ಲಾ ಚರಗ ಅಂತ ಚೆಲ್ಲಿ, ಜ್ವಾಳದ ಬೆಳಿ ನಡುವ ಒಂದೀಟ ಜಾಗಾ ಮಾಡಿಕೊಂಡು ಎಲ್ಲಾರೂ ನೆಲಕ್ಕ ಕುಂತು ಉಣ್ಣೂದು. ನಾನೂ ನೀಲವ್ವನೂ ಮೊಣಕಾಲಿಗಿ ಮೊಣಕಾಲು ಹಚ್ಚಿ ಕುಂದ್ರತಿದ್ವಿ. ಒಂದ ಬುಟ್ಟ್ಯಾಗಿನ ಸಜ್ಜಿ ರೊಟ್ಟಿ, ಒಂದ ಗಂಗಾಳದಾಗಿನ ಬದನಿಕಾಯಿ ಎಣ್ಣಗಾಯಿ. ಅಕಿ ಸೊಸ್ತ್ಯಾರ ಮ್ಯಾಲಿನ ದೂರು ನನ್ನ ಕಿವ್ಯಾಗ ಹೇಳಾಕಿ, ನಾ ನನ್ನ ಸೊಸಿದು ಅಕಿ ಕಿವ್ಯಾಗ. ಸೊಸ್ತ್ಯಾರು ಅಲ್ಲೇ ಮಗ್ಗಲದಾಗ ಕುಂತಿರತಿದ್ರು, ಒಂದೂ ಕೇಳಸ್ತಿದ್ದಿಲ್ಲ. ನೆಲಕ್ಕ ಕುಂತ್ರ ದನಿ ಹಂಗ ಸಣ್ಣದಾಗತೈತಿ.

ಹೋದ ವರ್ಷ ನನಗ ಪ್ಲಾಸ್ಟಿಕ್ ಕುರ್ಚಿ ಹಾಕಿದ್ರು. ಊಟ ಹೊಟ್ಟಿಗೇನೋ ಬಿತ್ತು. ಆದ್ರ ಕುರ್ಚಿ ಮ್ಯಾಲೆ ಕುಂತು ಯಾರ ಕಿವ್ಯಾಗ ಏನ ಹೇಳೂದು? ಗಟ್ಟ್ಯಾಗಿ ಹೇಳಿದ್ರ ಮನಿ ಒಡಿತೈತಿ! ಸುಮ್ನ ಉಂಡು ಬಂದ್ನಿ. ನಾ ಅಳು ಹೆಂಗಸಲ್ಲ. ಆದ್ರ ಒಂದು ವರ್ಷದ ಮಾತು ಹೊಟ್ಟ್ಯಾಗ ಉಳದಾವ.

ಅದಕ್ಕ ನಾ ಲೆಕ್ಕ ಹಾಕಿದ್ನಿ. ಮೊಣಕಾಲು ಕೆಟ್ಟೈತಿ ಅಂತ ಕಂಪ್ಯೂಟರಿಗಿ ಗೊತ್ತಾತಂದ್ರ ನೆಲಕ್ಕ ಕುಂದ್ರಬ್ಯಾಡ ಅಂತೈತಿ. ಚಲೋ ಐತಿ ಅಂತ ಕಂಡ್ರ ಕುಂದ್ರು ಅಂತೈತಿ. ನಾಕು ಹೆಣ್ಣಮಕ್ಕಳ ಲಗ್ನ ಮಾಡಿದಾಕಿ ನಾನು. ಕನ್ಯಾ ನೋಡಾಕ ಬಂದಾಗ ಹುಡಿಗಿ ಸಿಟ್ಟು ಯಾರರೆ ತೋರಸ್ತಾರೇನು? ಪೌಡರ್ ಹಚ್ಚಿ, ಸೆರಗು ಹೊಚ್ಚಿ, ತಲಿ ತೆಳಗ ಮಾಡಿಸಿ ತೋರಸ್ತೀವಿ. ಮೊಣಕಾಲನ್ನೂ ಹಂಗ ತೋರಸೂದು ಅಂತ ನಿರ್ಧಾರ ಮಾಡಿದ್ನಿ!

ಕಾಲೇಜಿಗಿ ಹೋಗೂ ದಿನ ಮುಂಜಾನೆ ಔಡಲೆಣ್ಣಿ ಬೆಚ್ಚಗ ಮಾಡಿ ಮೊಣಕಾಲಿಗಿ ಗಸಗಸ ತಿಕ್ಕಿದ್ನಿ. ಮ್ಯಾಲೊಂದು ನೋವಿನ ಗುಳಗಿ ನುಂಗಿದ್ನಿ. ಇಳಕಲ್ ಸೀರಿ ಉಟಗೊಂಡ್ನಿ. ಮೊಣಕಾಲಿಗಿ ಸೀರಿ ಏನ ಕಾಣಬೇಕು, ಆದ್ರೂ ಉಟಗೊಂಡ್ನಿ.

ಅಲ್ಲಿ ಅಶ್ವಿನಿಗಿ ಕಲಸೂ ಸರ್ ಇದ್ರು. ಶಾಂತ ಮನಿಷ್ಯಾ, ಮಾತು ಕಡಿಮಿ. ಅವರ ಮುಂದ ಅಶ್ವಿನಿ ನನ್ನ ಕಾಲಿಗಿ ಅಳತಿ ಹಿಡಿಯೂ ಸಣ್ಣ ಸಣ್ಣ ಬಿಲ್ಲಿ ಹಚ್ಚಾಕ ಬಂದ್ಳು. ಹಚ್ಚತಾಳ, ಜಾರತೈತಿ. ಹಚ್ಚತಾಳ, ಜಾರತೈತಿ! ಒಂದು ಬಿಲ್ಲಿ ಜಾರಿ ಸರ್ ಚಪ್ಪಲಿ ಮ್ಯಾಲೆ ಹೋಗಿ ಬಿತ್ತು.

"ಆಯಿ, ಎಣ್ಣಿ ಹಚ್ಚೀಯೇನು?"

"ಹುಟ್ಟಿದಾಗಿಂದ ನನ್ನ ಮೈ ಹಂಗ ಐತಿ."

ಸರ್ ಕೇಳಿದ್ರು, "ಅಮ್ಮಾರ, ಮೆಟ್ಟಲಾ ಹತ್ತುವಾಗ ನೋವು ಆಕೈತೇನ್ರಿ?"

"ಇಲ್ರಿ."

"ಇಳಿಯುವಾಗ?"

"ಏನೂ ಇಲ್ರೀ ಸರ್." ಹಲ್ಲು ಕಡಕೊಂಡು, ನಕ್ಕೋತ, ಅಲ್ಲಿದ್ದ ಮರದ ಮೆಟ್ಟಲಾ ಹತ್ತಿ ಇಳದ್ನಿ. ಕಣ್ಣಾಗ ನೀರು ಬಂದಿತ್ತು. ಖುಷಿಗಿ ಅಂತ ತಿಳಕೊಂಡ್ರೋ ಏನೋ.

ಸರ್ ಅಶ್ವಿನಿ ಕಡೆ ತಿರುಗಿ, "ಇವರಿಗೇನೂ ಆಗಿಲ್ಲಲ್ಲಮ್ಮ, ಮತ್ತ ಯಾಕ ಕರಕೊಂಡು ಬಂದಿ?" ಅಂದ್ರು.

ಅಶ್ವಿನಿ ನನ್ನ ಕಡೆ ನೋಡಿದ ನೋಟಕ್ಕ ಔಡಲೆಣ್ಣಿ ಮತ್ತ ಬಿಸಿ ಆತು. ಆದ್ರ ಸರ್ ಶಾಣ್ಯಾ ಇದ್ರು. "ಇಲ್ಲಿ ಬ್ಯಾಡ. ಕಾಲು ಅಲಗಿದ್ದೆಲ್ಲಾ ಬರಕೊಳ್ಳೂ ಅಳತಿ ಪಟ್ಟಿ ಕಟ್ಟಿ ಮನಿಗಿ ಕಳಸು. ಮನ್ಯಾಗ ಹೆಂಗ ಅಡ್ಡಾಡತಾರ ಅದೇ ಖರೇ," ಅಂದ್ರು.

ಇಲ್ಲಿ ಸಿಕ್ಕೊಂಡ್ನಿ! ಒಂದು ತಾಸು ಹಲ್ಲು ಕಡಕೊಂಡು ನಗಬಹುದು. ದಿನಪೂರ್ತಿ ಹೆಂಗ ನಗೂದು?

ಅಥಣಿ ರಸ್ತೆದಾಗ ನಮ್ಮ ಮನಿ. ಮಗ್ಗಲ ಮನ್ಯಾಗ ಕಸ್ತೂರಿ ಅಂತ ಇದ್ದಾಳ. ನನ್ನ ಮಗಳ ವಯಸ್ಸಿನಾಕಿ, ಕಾಲು ಕಬ್ಬಿಣ. ಮರುದಿನ ಅಕಿ ಹೆಪ್ಪಿಗಿ ಮಜ್ಜಿಗಿ ಕೇಳಾಕ ಬಂದಾಗ ನನ್ನ ತಲ್ಯಾಗ ದೀಪ ಹತ್ತಿತು.

"ಕಸ್ತೂರಿ, ಈ ಪಟ್ಟಿ ಒಂದೀಟ ಕಟಗೊಂಡು ಅಡ್ಡಾಡವಾ."

"ಯಾಕ್ರೀ ಅತ್ತಿ, ಏನೈತಿ ಇದರಾಗ?"

"ಏನಿಲ್ಲ. ನಡದ್ರ ಸಾಕು."

"ನಾ ಈಗ ತಿಕೋಟಾಕ್ಕ ಹೊಂಟೀನ್ರಿ. ನಮ್ಮ ಅಕ್ಕನ ಮಗಳು ಬಸರಿ, ಅಕಿ ಕುಬಸ ಐತಿ. ಸಂಜಿಗಿ ಬರತೀನಿ."

"ಚಲೋ ಆತು! ತಿಕೋಟಾದಾಗೂ ನೆಲ ಐತಲ್ಲ?"

ಸಂಜಿಗಿ ಬರಲಿಲ್ಲ. ಕುಬಸದ ಮನ್ಯಾಗ ಉಳಸಿಕೊಂಡ್ರಂತ. ಅಶ್ವಿನಿ ಮನಿಗಿ ಬಂದು ಪಟ್ಟಿ ಕೇಳಿದ್ಳು. ಸೀರಿ ಒಳಗ ಐತಿ ಅಂದ್ನಿ. ತೋರಸು ಅಂದ್ಳು. ಮಾನಾ ಮರ್ಯಾದಿ ಐತೋ ಇಲ್ಲೋ ಅಂತ ಬೈದ್ನಿ. ಒಳಗ ಒಂದು ಹರಕ ಟಾವೆಲ್ ಸುತ್ತಿಕೊಂಡಿದ್ನಿ.

ಮರುದಿನ ಕಸ್ತೂರಿ ಬಂದು ಪಟ್ಟಿ ಕೊಟ್ಟು ಹೋದ್ಳು. ಅಶ್ವಿನಿ ಅದನ್ನ ಕಂಪ್ಯೂಟರಿಗಿ ಹಚ್ಚಿ, ನನ್ನನ್ನ ಮಗ್ಗಲಕ ಕುಂದರಿಸಿಕೊಂಡ್ಳು.

"ಆಯಿ, ಮುಂಜಾನೆ ನಿನ್ನ ಕಾಲು ಒಂದ ಸವನ ಗಡಗಡ ಅಲಗ್ಯಾಡೇತಿ. ಬಸ್ಸಿನ್ಯಾಗ ಹೋದಂಗ."

"ಮಿಕ್ಸರ್ ಹಚ್ಚಿದ್ನಿ."

"ಕಾಲಿಗಿ?"

"ಶೇಂಗಾ ಹಿಂಡಿ ಭಾಳ ಮಾಡೂದಿತ್ತು. ಮಗ್ಗಲದಾಗ ನಿಂತಿದ್ನಿ."

ಅಕಿ ಮುಂದ ಸರಿಸಿ ನೋಡಿದ್ಳು. "ಇಲ್ಲಿ ನೋಡು. ಕಾಲು ಪೂರ್ತಿ ಮಡಚೇತಿ. ತಪ ತಪ ತಪ ತಪ ಅಂತ ಸಣ್ಣ ಪೆಟ್ಟು. ಇದೇನು?"

ಇದು ನನಗ ಗೊತ್ತಿತ್ತು. "ರೊಟ್ಟಿ ಬಡದ್ನಿ!"

"ನೆಲದ ಮ್ಯಾಲೆ ಕುಂತು?" ಅಶ್ವಿನಿ ಕಣ್ಣು ಅಗಲಾದವು. "ನೋವಾಗಲಿಲ್ಲ?"

"ಏನೂ ಆಗಲಿಲ್ಲ." ಹೇಳುವಾಗ ನನಗೂ ಹೌದು ಅನಿಸಿತು. ನಾನ ಒಲಿ ಮುಂದ ಕುಂತಂಗ, ಹಿಟ್ಟು ಅಂಗೈಗಿ ಹತ್ತಿದಂಗ.

"ಮತ್ತ ಇದು? ಸಂಜಿಕ ಭಾಳ ಹೊತ್ತು ಜಿಗದಿ. ಕಾಲು ಎತ್ತಿ ಎತ್ತಿ ಜಿಗದಿ!"

ಕುಬಸದ ಮನ್ಯಾಗ ಕಸ್ತೂರಿ ಹೆಂಗಸರ ಕೂಡ ಕೈ ಕೈ ಹಿಡದು ಕುಣಿಯೂ ಫುಗಡಿ ಆಡಿದ್ಳು ಅನ್ನೂದು ನನಗ ಆಮ್ಯಾಲೆ ಗೊತ್ತಾತು. ಅವತ್ತು ಬಾಯಿಗಿ ಬಂದದ್ದು ಒಂದ. "ಇಲಿ ಬಂದಿತ್ತು."

"ಭಾಳ ಹೊತ್ತು?"

"ಭಾಳ ಇಲಿ."

ಪಾಪ, ನಂಬಿದ್ಳು ಹುಡಿಗಿ. ಆಯಿ ಸುಳ್ಳು ಹೇಳತಾಳ ಅಂತ ಯಾರು ತಿಳಕೊಂಡಾರು? ಸಂಭ್ರಮಲೆ ಎಲ್ಲಾ ಕಾಲೇಜಿನ ದೊಡ್ಡ ಕಂಪ್ಯೂಟರಿಗಿ ಹಾಕಿದ್ಳು. ನನ್ನ ಸವದ ಎಲುಬು, ಕಸ್ತೂರಿ ಫುಗಡಿ! ಕಂಪ್ಯೂಟರ್ ಮೊದಲ ಓಡಿತು, ಆಮ್ಯಾಲೆ ತಡವರಸಿತು, ಆಮ್ಯಾಲೆ ಲೆಕ್ಕ ಒಂದು ಕಡೆ ನಿಲ್ಲಲಾರದ ಹಾರಾಡಾಕ ಹತ್ತಿತು. ಮೊಣಕಾಲು ಮ್ಯಾಲಿಂದ ತೆಳಗಿನ ತನಕ ಕೆಂಪು. ಅಶ್ವಿನಿ ಊಟ ಬಿಟ್ಟು ಅದರ ಮುಂದ ಕುಂತಳು. ತಪ್ಪು ತನ್ನದೇ ಐತಿ ಅಂತ ಹುಡುಕೂದು, ತಿದ್ದೂದು, ಮತ್ತ ಓಡಸೂದು. ನಾ ಬಿಸಿ ಬಿಸಿ ಚಹಾ ಮಾಡಿ ಕೊಟ್ನಿ. ಬಾಯಿ ಬಿಡಲಿಲ್ಲ.

ಕಡೀಕ ಕಂಪ್ಯೂಟರ್ ಒಂದು ಬ್ರೇಸ್ ಆರಿಸಿ ಕೊಟ್ಟಿತು. ಅದರ ಚಿತ್ರಾ ನೋಡಾಕ ಸರ್ ನನ್ನನ್ನೂ ಕರಸಿದ್ರು. ಒಬ್ಬಾಕಿ ಯಾಕ ಅಂತ ಕಸ್ತೂರಿನ್ನೂ ಕರಕೊಂಡು ಹೋದ್ನಿ. ಇದು ನಾ ಮಾಡಿದ್ದರಾಗ ಎಲ್ಲಾಕ್ಕಿಂತ ದೊಡ್ಡ ಶಾಣ್ಯಾತನ!

ಬ್ರೇಸ್ ಟ್ರ್ಯಾಕ್ಟರ್ ಗಾಲಿ ಅಚ್ಚಿನಂಗಿತ್ತು. "ಇದನ್ನ ಹಾಕ್ಕೊಂಡ್ರ ಮೊಣಕಾಲಿಗಿ ಏನೂ ಆಗೂದಿಲ್ರಿ," ಸರ್ ಅಂದ್ರು. "ಆದ್ರ ಎತ್ತಿ ನಿಲ್ಲಸಾಕ ಜೆಸಿಬಿ ಬೇಕಾಕೈತಿ."

ಅಶ್ವಿನಿ ಮಾರಿ ಸಣ್ಣದಾಗಿತ್ತು. "ಸರ್, ಆಯಿ ಖರೇನೇ ನೆಲಕ್ಕ ಕುಂದ್ರತಾಳ್ರಿ. ಆಯಿ, ಒಮ್ಮೆ ಕುಂತು ತೋರಸು."

ನಾ ನೆಲ ನೋಡಿದ್ನಿ. ಫರಸಿ ಹಾಕಿದ ನೆಲ, ಪಳಪಳ ಹೊಳಿತಿತ್ತು. ಗ್ವಾಡಿ ಹಿಡಕೊಂಡು ಬಗ್ಗಿದ್ನಿ. ಅರ್ಧಕ್ಕ ಹೋಗಿ ನಿಂತ್ನಿ. ತೆಳಗ ಹೋಗವಲ್ಲದು, ಮ್ಯಾಲೆ ಬರವಲ್ಲದು! ಎಲ್ಲಾರೂ ನೋಡಾಕತ್ತಿದ್ರು.

ಆಗ ಕಸ್ತೂರಿಗಿ ನನ್ನ ಮ್ಯಾಲೆ ಅಂತಃಕರಣ ಉಕ್ಕಿ ಬಂತು. "ಅತ್ತಿ, ನೀವು ಬಿಡ್ರಿ. ಅವತ್ತಿನಂಗ ಇವತ್ತೂ ನಾನ ಪಟ್ಟಿ ಕಟಗೊಂಡು ಕುಂದ್ರತೀನಿ!"

ಸರ್ ಬ್ರೇಸಿನ ಚಿತ್ರಾ ಬಂದ್ ಮಾಡಿದ್ರು.

ಕಸ್ತೂರಿನೇ ನನ್ನ ರಟ್ಟಿ ಹಿಡದು ಕುರ್ಚಿ ಮ್ಯಾಲೆ ಕುಂದರಿಸಿದ್ಳು. ಅಶ್ವಿನಿ ಎದುರಿಗಿ ಬಂದು ನಿಂತ್ಳು. ಬೈಲಿಲ್ಲ. ಬೈದಿದ್ರ ಚಲೋ ಇತ್ತು. "ಯಾಕ ಆಯಿ?" ಅಂದ್ಳು.

"ಖರೇ ಹೇಳಿದ್ರ ನೆಲಕ್ಕ ಕುಂದ್ರಬ್ಯಾಡ ಅಂತಿತ್ತಲ್ಲ ನಿನ್ನ ಮಷೀನು."

"ಸುಳ್ಳು ಹೇಳಿದ್ರ ಕಾಲು ಮಡಚತಿತ್ತೇನು?"

ಸರ್ ನಗಲೋ ಬ್ಯಾಡೋ ಅನ್ನೂ ಹಂಗ ಕಿಡಕ್ಯಾಗಿಂದ ಹೊರಗ ನೋಡಾಕತ್ತಿದ್ರು.

ಮತ್ತ ಪಟ್ಟಿ ಕಟ್ಟಿದ್ರು. ಈ ಸಲ ಎಣ್ಣಿ ಇಲ್ಲ, ಗುಳಗಿ ಇಲ್ಲ, ಕಸ್ತೂರಿ ಇಲ್ಲ. 'ಯಪ್ಪಾ' ಅನ್ನೂವಲ್ಲೆ 'ಯಪ್ಪಾ' ಅಂದ್ನಿ, ಕುಂದ್ರೂವಲ್ಲೆ ಕುಂತ್ನಿ. ಕಂಪ್ಯೂಟರ್ ಈ ಸಲ ಹಾರಾಡಲಿಲ್ಲ. ಸಮಾಧಾನಲೆ ಓಡಿ, ಹಗೂರದ್ದೊಂದು ಬ್ರೇಸ್ ಆರಿಸಿ ಕೊಟ್ಟಿತು. ಅದನ್ನ ಮಾಡಿಸಿ ತಂದು ಅಶ್ವಿನಿ ತಾನ ನನ್ನ ಕಾಲಿಗಿ ಹಾಕಿದ್ಳು. ಹಾಕ್ಕೊಂಡ ಮ್ಯಾಲೆ ನಡದ್ರ ಖರೇನೇ ಆರಾಮ.

"ಮತ್ತ ನೆಲ?" ಅಂದ್ನಿ.

ಅಕಿ ಬ್ರೇಸಿನ ಪಟ್ಟಾ ಬಿಗಿ ಮಾಡಕೋತ ಮಾರಿ ಎತ್ತಲಿಲ್ಲ. "ಕಟ್ಟಿಗಿ ಮಣಿ ಹಾಕಿ ಅದರ ಮ್ಯಾಲೆ ಕುಂದ್ರಬಹುದು ಆಯಿ. ಎತ್ತರದ ಮಣಿ. ನೆಲಕ್ಕ ಆಗೂದಿಲ್ಲ. ಎಲ್ಲಾ ನಮೂನಿ ಹಾಕಿ ನೋಡೀನಿ."

"ಇನ್ನೊಮ್ಮೆ ನೋಡು."

"ನೋಡೀನಿ, ಆಯಿ. ಇನ್ನೊಮ್ಮೆನೂ ನೋಡೀನಿ."

ಮಷೀನ್ ಮುಂದ ಹಟಾ ಮಾಡಬಹುದು. ನನ್ನ ಸಲುವಾಗಿ ಇಷ್ಟು ಹುಡುಕಿದಾಕಿ ಮುಂದ ಏನ ಮಾಡೂದು?

ಎಳ್ಳ ಅಮಾಸಿಗಿ ಬಬಲೇಶ್ವರಕ್ಕ ಹೋದ್ವಿ. ಜ್ವಾಳ ಆಳೆತ್ತರ ನಿಂತು ತೆನಿ ತೂಗತಿದ್ದವು. ಎಲ್ಲಾರೂ ನೆಲಕ್ಕ ಕುಂತ್ರು, ನಾ ಮಣಿ ಮ್ಯಾಲೆ ಕುಂತ್ನಿ, ಬ್ರೇಸ್ ಹಾಕ್ಕೊಂಡು, ಫೌಜುದಾರನಂಗ. ನೀಲವ್ವ ಮಗ್ಗಲದಾಗ ನೆಲಕ್ಕ. ಅಕಿ ತಲಿ ನನ್ನ ಹೆಗಲ ಮಟಾನೂ ಬರತಿದ್ದಿಲ್ಲ.

"ಏನಕ್ಕಾ, ಭಾಳ ಮ್ಯಾಲೆ ಹೋಗಿ ಕುಂತಿ! ಇಳದು ಬಾ ತೆಳಗ."

"ಕಂಪ್ಯೂಟರ್ ಬ್ಯಾಡ ಅಂದೈತಿ."

"ಅಯ್ಯ, ಅದರ ಬಾಯಾಗ ಮಣ್ಣ ಹಾಕ!"

ಅಶ್ವಿನಿ ಕೆಮ್ಮಿದ್ಳು. ನಾ ಬಗ್ಗಿ ನೀಲವ್ವನ ಕಿವಿ ಮುಟ್ಟಬೇಕಂತ ನೋಡಿದ್ನಿ. ಒಂದು ಗೇಣು ಕಡಿಮಿ ಬಿತ್ತು. ಇಬ್ಬರೂ ಸುಮ್ನ ರೊಟ್ಟಿ ಮುರಕೊಂಡು ಉಂಡ್ವಿ. ಎದುರಿಗಿ ಅಕಿ ಸೊಸ್ತ್ಯಾರು ನಕ್ಕೋತ ಏನೇನೋ ಪಿಸಪಿಸ ಮಾತಾಡಾಕತ್ತಿದ್ರು. ನೆಲದ ಮ್ಯಾಲೆ ಕುಂತಾರಲ್ಲ, ಒಂದೂ ಕೇಳಸಲಿಲ್ಲ!

ಉಂಡ ಮ್ಯಾಲೆ ನೀಲವ್ವ ಏಳಾಕ ಹೋದ್ಳು. ಏಳಾಕ ಆಗಲಿಲ್ಲ. ಅಕಿಗೂ ವಯಸ್ಸಾತು, ಹೇಳತಾಳೇನು? ಈಚೆ ನೋಡಿದ್ಳು, ಆಚೆ ನೋಡಿದ್ಳು, ಎರಡೂ ಅಂಗೈ ನನ್ನ ಬ್ರೇಸ್ ಹಾಕಿದ ಮೊಣಕಾಲಿನ ಮ್ಯಾಲೆ ಊರಿ, ಮೈ ಭಾರಾ ಎಲ್ಲಾ ಹಾಕಿದ್ಳು!

"ಸಣ್ಣಾಯೀ!" ಅಶ್ವಿನಿ ಚೀರಿದ್ಳು. "ಆ ಭಾರಾ ಲೆಕ್ಕದಾಗ ಹಿಡದಿಲ್ಲ!"

ನಾನೂ ಚೀರಿದ್ನಿ. ಬ್ರೇಸ್ ಒಂದ ಚೀರಲಿಲ್ಲ. ಕಿರ್ ಅಂತು, ತಡಕೊಂಡಿತು. ನೀಲವ್ವ ನನ್ನ ಮಾರಿ ಮುಂದ ಎದ್ದು ನಿಂತು, ಬಗ್ಗಿ, ನನ್ನ ಕಿವ್ಯಾಗ ಅಂದ್ಳು, "ಅಕ್ಕಾ, ಮುಂದಿನ ವರ್ಷಾನೂ ಇಲ್ಲೇ ಕುಂದ್ರು. ನನಗ ಏಳಾಕ ಭಾಳ ಚಲೋ ಆಕೈತಿ."

ನೋಡ್ರಿ ನನ್ನ ನಸೀಬ! ಮಷೀನಿಗಿ ಸುಳ್ಳು ಹೇಳಿ, ಮೊಮ್ಮಗಳ ಮಾರಿ ಸಣ್ಣದು ಮಾಡಿ, ಮೊಣಕಾಲಿಗಿ ಇಳಕಲ್ ಸೀರಿ ಉಡಿಸಿ ಇಷ್ಟೆಲ್ಲಾ ಕುಣದದ್ದು ತಂಗಿ ಮಗ್ಗಲಕ ನೆಲದ ಮ್ಯಾಲೆ ಕುಂದ್ರಾಕ. ಕಡೀಕ ನಾ ಆದದ್ದೇನು? ನೆಲಕ್ಕ ಕುಂತಾಕಿ ಹಿಡದು ಏಳೂ ಗೂಟ!