ಅರಕಲಗೂಡಿನ ಜಾಡಿಸಮರ

ಎಲೈ ರಸಿಕರಿರಾ, ರಾಜಾಧಿರಾಜರೆಲ್ಲ ಗತಿಸಿ ಮಿಕ್ಸಿಗಳು ಗುಡುಗುವ ಈ ಕಲಿಯುಗದಲ್ಲಿ, ಅರಕಲಗೂಡಿನ ಪೇಟೆಬೀದಿಯನ್ನು ಸ್ವಕಂಠಘೋಷದಿಂದಲೇ ಆಳುತ್ತಿದ್ದ, ಒಗ್ಗರಣಾಧೂಮಧೂಸರಿತಕೇಶಿಯಾದ ಸರ್ವಮಂಗಳೆಯ ಪರಾಕ್ರಮವನ್ನು ಹೇಳುತ್ತೇನೆ. ಸಾಧ್ಯವಾದರೆ ನಗದೆ ಕೇಳಿ.

ಅವಳ ಅತ್ತೆಮನೆಯಲ್ಲೊಂದು ಶಾಸನವಿತ್ತು. ವರ್ಷಕ್ಕೊಮ್ಮೆ ಅತ್ತೆ ಪುಟ್ಟತಾಯಮ್ಮನವರು ಮಾವಿನ ಉಪ್ಪಿನಕಾಯಿ ಕಲಸಿ, ಬೇರೆ ಸಂಸಾರ ಹೂಡಿದ್ದ ಇಬ್ಬರು ಸೊಸೆಯರಿಗೂ ಒಂದೊಂದು ಜಾಡಿ ತುಂಬಿಸಿ ಕಳಿಸುವರು. ಜಾಡಿ ಆರಿಸುವ ಮೊದಲ ಹಕ್ಕು ಹಿರಿಸೊಸೆಯದು. ಆರಿಸಿದ ಮೇಲೆ ಬದಲಿಲ್ಲ. ಈ ಸಲ ಹೊಸ ಜಾಡಿಗಳು ಬಂದಿದ್ದವು. ಒಂದು ಎರಡು ಗೇಣು ಎತ್ತರ, ಅರ್ಧ ಗೇಣು ಅಗಲದ ಗಗನಚುಂಬಿ. ಇನ್ನೊಂದು ಒಂದು ಗೇಣು ಎತ್ತರ, ಒಂದು ಗೇಣು ಅಗಲದ ಗುಜ್ಜಾರಿ.

ಹಿರಿಸೊಸೆ ಸರ್ವಮಂಗಳೆ ಕಣ್ಣಲ್ಲೇ ಅಳೆದಳು. ಎತ್ತರ ಎರಡರಷ್ಟು, ಆದ್ದರಿಂದ ಉಪ್ಪಿನಕಾಯಿಯೂ ಎರಡರಷ್ಟು. ಅಗಲವನ್ನೆಲ್ಲ ಲೆಕ್ಕಕ್ಕೆ ಹಿಡಿಯುವುದು ಅಂಜುಬುರುಕರ ಕೆಲಸ ತಾನೇ?

ಗಗನಚುಂಬಿಯನ್ನು ತಬ್ಬಿಕೊಂಡು ಓರಗಿತ್ತಿ ವನಜಾಕ್ಷಿಯತ್ತ ತಿರುಗಿ ಘರ್ಜಿಸಿದಳು: "ನೋಡ್ಕೊಳ್ಳೇ ವನಜಾ, ಇದು ನಂದು. ನಿನ್ ಜಾಡೀಲಿ ಇದಕ್ಕಿಂತ ಒಂದು ಹೋಳು ಜಾಸ್ತಿ ಹಿಡಿದ್ರೆ, ವರ್ಷವೆಲ್ಲಾ ಬರೀ ಮೊಸರನ್ನ ತಿಂತೀನಿ. ಉಪ್ಪಿನಕಾಯಿ ತಿಂದ್ರೆ ಕೇಳು."

"ಆಗ್ಲಿ ಬಿಡಿ ಅಕ್ಕ," ಎಂದಳು ವನಜಾಕ್ಷಿ.

ಸೌಟೆಂಬ ಗದೆ ಎದ್ದಿತು, ಬಿದ್ದಿತು, ಸಾಸಿವೆಯ ಘಾಟಿಗೆ ದಿಕ್ಪಾಲಕರು ಸೀನಿದರು, ಗಗನಚುಂಬಿ ತುಂಬಿತು.

"ಇದನ್ನೇ ಅದಕ್ಕೆ ಸುರೀರಿ ಅತ್ತೆ. ಉಕ್ಕಿ ಹರಿಯೋದನ್ನ ಎಲ್ರೂ ನೋಡ್ಲಿ," ಎಂದಳು ವೀರನಾರಿ.

ಅತ್ತೆ ಸುರಿದರು. ಕೊನೆಯ ಹೋಳೂ ಬಿತ್ತು. ಗುಜ್ಜಾರಿ ಅರ್ಧವಷ್ಟೇ ತುಂಬಿತ್ತು.

ಎತ್ತರ ಬೆಳೆಯುವುದು ಒಂದೇ ದಿಕ್ಕಿಗೆ. ಅಗಲವಾದರೋ ಎಡಬಲಕ್ಕೂ ಬೆಳೆಯುತ್ತದೆ, ಹಿಂದುಮುಂದಕ್ಕೂ ಬೆಳೆಯುತ್ತದೆ. ಅಗಲ ಇಮ್ಮಡಿಯಾದಾಗ ತಳದ ವಿಸ್ತಾರ ನಾಲ್ಮಡಿಯಾಯಿತು. ಎತ್ತರ ಅರ್ಧಕ್ಕಿಳಿದರೂ ಜಾಡಿ ಎರಡರಷ್ಟು ಹಿಡಿಯಿತು. ಇಷ್ಟನ್ನು ಪೇಟೆಬೀದಿಯ ಚಕ್ರವರ್ತಿನಿ ಯೋಚಿಸಿರಲಿಲ್ಲ. ಅವಳಿಗೆ ಹೊಟ್ಟೆ ಉರಿಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

"ಅದನ್ನ ಅರ್ಧಕ್ಕೇ ಬಿಟ್ಬಿಡಿ ಅತ್ತೆ, ಇಬ್ಬರಿಗೂ ಸಮ ಆಗುತ್ತೆ."

"ಕಂಠಮಟ್ಟ ತುಂಬ್ದಿದ್ರೆ ಬೂಷ್ಟು ಹಿಡಿಯುತ್ತೆ ಕಣೆ," ಎನ್ನುತ್ತ ಪುಟ್ಟತಾಯಮ್ಮ ಗುಜ್ಜಾರಿಯನ್ನು ತುಂಬಿಸಿ, ಗಗನಚುಂಬಿಗೂ ಮತ್ತೆ ತುಂಬಿಸಿ, ಎರಡಕ್ಕೂ ಬಟ್ಟೆ ಕಟ್ಟಿದರು.

ಮಧ್ಯಾಹ್ನ ಊಟಕ್ಕೆ ಕೂತರು. ಸಾರನ್ನ ಮುಗಿದು ಎಲೆಗೆ ಮೊಸರನ್ನ ಬಂತು. ಕಲಸಿದ ಬೇಸಿನ್ನಿನಲ್ಲಿ ಉಳಿದಿದ್ದ ಹೋಳುಗಳನ್ನು ವನಜಾಕ್ಷಿ ಎಲ್ಲರಿಗೂ ಬಡಿಸುತ್ತ ಬಂದು, ಅಕ್ಕನ ಎಲೆಯನ್ನು ಮರ್ಯಾದೆಯಿಂದ ದಾಟಿ ಮುಂದೆ ಹೋದಳು. ಅಖಂಡಪ್ರತಿಜ್ಞಾಧುರಂಧರೆ ಒಂದು ತುತ್ತು ನುಂಗಿದಳು. ಎರಡನೆಯದು ಗಂಟಲಲ್ಲಿ ಇಳಿಯಲಿಲ್ಲ.

"ವನಜಾ," ಎಂದಳು ಮೆಲ್ಲಗೆ, "ಒಂದು ಹೋಳು ಹಾಕೇ. ಚಿಕ್ಕದಾದ್ರೂ ಪರವಾಗಿಲ್ಲ."